ರಣಭೂಮಿಯಲ್ಲಿ ಬುತ್ತಿಯೂಟ

ಸರ್ಕಾರಿ ನಮೂನೆಗಳ ನಡುವೆಯೇ ಇಪ್ಪತ್ತು ವರ್ಷ ಕಳೆದ ನಮಗೆ ಒಂದು ಅರ್ಜಿಯ ಮುಂದೆ ಕೈ ತಡೆದೀತು ಎಂಬ ಕಲ್ಪನೆ ಇರಲಿಲ್ಲ. ವಿದೇಶಕ್ಕೆ ಹೋಗಲು ಕಚೇರಿಯ ಅನುಮತಿ ಕೇಳುವ ಅರ್ಜಿ ಅದು. ಹೆಸರು, ಹುದ್ದೆ, ಮೂಲವೇತನ, ಖರ್ಚು ಭರಿಸುವವರು ಯಾರು ಎಂಬುದನ್ನೆಲ್ಲ ಸರಾಗವಾಗಿ ತುಂಬಿದೆವು. 'ಪ್ರಯಾಣದ ಉದ್ದೇಶ' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಅಲ್ಲಿ ಬರೆಯಬೇಕಾಗಿದ್ದುದು 'ವಿಹಾರ' ಎಂಬ ಒಂದೇ ಮಾತು. ಆದರೆ ನಮ್ಮ ತಂದೆಯವರು ತೀರಿಕೊಂಡು ಆಗಿನ್ನೂ ಅರ್ಧ ವರ್ಷ ತುಂಬಿರಲಿಲ್ಲ. ಯುಗಾದಿಗೆ ಮನೆಯಲ್ಲಿ ತೋರಣ ಕಟ್ಟಿರಲಿಲ್ಲ, ಒಬ್ಬಟ್ಟು ಬೇಯಿಸಿರಲಿಲ್ಲ. ವರ್ಷಾಂತಿಕ ಆಗುವ ಮೊದಲೇ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಸಮುದ್ರ ನೋಡಲು ಇಂಗ್ಲೆಂಡಿಗೆ ಹೋಗುವುದು ಸರಿಯೇ?

ಟಿಕೆಟ್‌ಗಳನ್ನು ನಮ್ಮ ಮನೆಯವರ ತಮ್ಮ ಹಿಂದಿನ ವರ್ಷವೇ ಕೊಂಡಿದ್ದ. ರದ್ದು ಮಾಡಿದರೆ ಹಣ ಹಿಂದಕ್ಕೆ ಬರುವಂತಿರಲಿಲ್ಲ. ಸಾವಿನ ಮನೆಯಲ್ಲಿ ಹಣದ ಮಾತಾಡಲು ನಾಚಿಕೆ. ಆಡದೆ ಇರುವಷ್ಟು ಸ್ಥಿತಿವಂತರೂ ನಾವಲ್ಲ. ದೊಡ್ಡಪ್ಪನ ಮಕ್ಕಳು "ಇದೇನಪ್ಪಾ, ವರ್ಷದೊಳಗೆ?" ಎಂದು ಹುಬ್ಬೇರಿಸಿದರು. ಕೊನೆಗೆ ಅರಸೀಕೆರೆಯಲ್ಲಿ ತಮ್ಮನ ಮನೆಯಲ್ಲಿರುವ ತಾಯಿಯವರನ್ನೇ ಫೋನಿನಲ್ಲಿ ಕೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡು ಮಾಸಿಕದ ನಡುವೆ ಹೋಗಿ ಬಂದ್ಬಿಡ್ರೋ. ಅಳೋದಕ್ಕೂ ಒಂದು ಅಳತೆ ಬೇಕು. ಮಕ್ಕಳು ಎಷ್ಟು ದಿನ ಅಂತ ನಿನ್ನ ಮುಖ ನೋಡ್ಕೊಂಡಿರ್ತವೆ?" ಎಂದರು. ಹೀಗೆ ಎರಡು ಮಾಸಿಕಗಳ ನಡುವಿನ 18 ದಿನಗಳಿಗೆ ನಮ್ಮ ಪ್ರವಾಸ ನಿಗದಿಯಾಯಿತು. 'ವಿಹಾರ' ಎಂದು ಬರೆದು ಸಹಿ ಹಾಕಿದೆವು.

ಆದರೆ ತಾಯಿಯವರು ಹೇಳಿದ ಆ ಅಳತೆ ಯಾವುದು? ಸಾವಿನ ಪಕ್ಕದಲ್ಲಿ ಸಂತೋಷ ಪಡಲು ಎಷ್ಟು ಕಾಲ ಕಳೆದಿರಬೇಕು, ಯಾರ ಅಪ್ಪಣೆ ಬೇಕು? ನಾವು ಹೋದ ಜಾಗ ಈ ಪ್ರಶ್ನೆಯನ್ನೇ ನಮ್ಮ ಮುಂದೆ ಮತ್ತೆ ಮತ್ತೆ ಹಿಡಿಯಿತು. ಅದನ್ನು ಸಂಘದ ಓದುಗರ ಮುಂದಿಡಲು ಈ ಲೇಖನ. ನಮ್ಮ ಸದಸ್ಯರಲ್ಲಿ ಹಲವರ ಮಕ್ಕಳು ಈಗ ಆ ದೇಶದಲ್ಲಿದ್ದಾರೆ. ಇಂದಲ್ಲ ನಾಳೆ ಅವರೂ ಆ ತೀರಕ್ಕೆ ಹೋಗಿಯಾರು.

ಇಂಗ್ಲೆಂಡಿನ ದಕ್ಷಿಣಕ್ಕೆ ಸಸೆಕ್ಸ್ ಎಂಬ ಪ್ರಾಂತ್ಯ. ಅದರ ಪೂರ್ವ ಭಾಗದಲ್ಲಿ ಪೆವೆನ್ಸಿ, ಬೆಕ್ಸ್‌ಹಿಲ್, ಹೇಸ್ಟಿಂಗ್ಸ್, ರೈ ಎಂಬ ಊರುಗಳು ಕಡಲಿನುದ್ದಕ್ಕೂ ಪೋಣಿಸಿದಂತಿವೆ. ಈ ಸೀಮೆಗೆ ಪ್ರವಾಸದವರು ಇಟ್ಟಿರುವ ಹೆಸರೇ '1066ರ ನಾಡು'. ಜಗತ್ತಿನಲ್ಲಿ ಊರಿಗೆ ದೇವರ ಹೆಸರು, ರಾಜರ ಹೆಸರು, ನದಿಯ ಹೆಸರು ಇಡುತ್ತಾರೆ; ಒಂದು ಇಸವಿಯನ್ನೇ ಹೆಸರಾಗಿಟ್ಟದ್ದನ್ನು ನಾವು ಇಲ್ಲೇ ಕಂಡದ್ದು. ಆ ಇಸವಿ ನಮಗೆ ಹೊಸದಲ್ಲ. ನಮ್ಮ ತಂದೆಯವರು ಮಾಧ್ಯಮಿಕ ಶಾಲೆಯ ಮೇಷ್ಟರಾಗಿದ್ದವರು. ತಾವು ಓದುವ ಕಾಲದಲ್ಲಿ ಉರು ಹೊಡೆದ ಇಂಗ್ಲೆಂಡಿನ ಚರಿತ್ರೆಯ ತೇದಿಗಳನ್ನು, ಪಠ್ಯದಲ್ಲಿ ಇಲ್ಲದಿದ್ದರೂ, ಮಕ್ಕಳಾದ ನಮಗೆ ಮಗ್ಗಿಯಂತೆ ಹೇಳಿಸುತ್ತಿದ್ದರು. "ಹೇಸ್ಟಿಂಗ್ಸ್ ಕದನ?" ಎಂದರೆ "ಸಾವಿರದ ಅರವತ್ತಾರು" ಎನ್ನಬೇಕು. ತಪ್ಪಿದರೆ ಕಿವಿ ಕೆಂಪಾಗುತ್ತಿತ್ತು. ಅದು ಎಲ್ಲಿ, ಯಾರು ಯಾರಿಗೆ ಎಂಬುದು ನಮಗೂ ತಿಳಿಯದು. ಅವರೂ ಆ ಸಮುದ್ರವನ್ನು ಕಂಡವರಲ್ಲ.

ಆ ತೀರದಲ್ಲಿ ನೋಡುವಂಥದ್ದು ಬೇಕಾದಷ್ಟಿದೆ. ಹೇಸ್ಟಿಂಗ್ಸಿನಲ್ಲಿ ಬಂದರಿಲ್ಲ. ಮೀನುದೋಣಿಗಳನ್ನು ಇಂದಿಗೂ ನುಣುಪು ಕಲ್ಲುಗಳ ದಂಡೆಯ ಮೇಲಕ್ಕೆ ಎಳೆದು ನಿಲ್ಲಿಸುತ್ತಾರೆ. ದಂಡೆಯಲ್ಲಿ ಬಲೆಗಳನ್ನಿಡಲು ಕಟ್ಟಿದ ಕರಿಯ ಮರದ ಗೂಡುಗಳು ಎತ್ತರವಾಗಿ, ಸಪೂರವಾಗಿ, ಒತ್ತಾಗಿ ನಿಂತಿವೆ. ಪಕ್ಕದ ಎರಡು ಗುಡ್ಡಗಳಿಗೆ ಹಳಿಯ ಮೇಲೆ ಏರುವ ಪುಟ್ಟ ಡಬ್ಬಿಗಳಿವೆ. ಒಂದು 1891ರದು, ಇನ್ನೊಂದು 1902ರದು. ನಮ್ಮ ಮಗ ಎರಡನ್ನೂ ಏರಿಳಿದು ಮೂರನೆಯದು ಎಲ್ಲಿ ಎಂದು ಕೇಳಿದ. ಸಮುದ್ರದೊಳಕ್ಕೆ ಚಾಚಿದ ಸೇತುವೆಯೊಂದಿದೆ. 1872ರಲ್ಲಿ ತೆರೆದದ್ದು 2010ರಲ್ಲಿ ಬೆಂಕಿಗೆ ಬಲಿಯಾಗಿ, 2016ರಲ್ಲಿ ಹೊಸ ರೂಪದಲ್ಲಿ ಮತ್ತೆ ತೆರೆಯಿತು. ದಿಲ್ಲಿಯ ಜೂನ್ ಬಿಸಿಲಿನಿಂದ ಹೋದ ನಮಗೆ ಆ ತಣ್ಣನೆ ಗಾಳಿ ಸಾಕಾಗಿತ್ತು, ಉಳಿದದ್ದೆಲ್ಲ ಲಾಭ.

ನಾಲ್ಕು ದಿನ ಸುತ್ತಿದ ಮೇಲೆ ಒಂದು ವಿಷಯ ಮನಸ್ಸಿಗೆ ಬಂತು. ಆ ತೀರದಲ್ಲಿ ಜನ ಟಿಕೆಟ್ ಕೊಂಡು ನೋಡುವ ಹಳೆಯ ಗೋಡೆಗಳಲ್ಲಿ ಭಯದಿಂದ ಕಟ್ಟದ ಗೋಡೆ ಕಡಿಮೆ. ಪೆವೆನ್ಸಿಯ ಹೊರಕೋಟೆಯನ್ನು ರೋಮನ್ನರು ಮೂರನೆಯ ಶತಮಾನದ ಕೊನೆಯಲ್ಲಿ ಕಡಲ ದಾಳಿಗೆ ಹೆದರಿ ಕಟ್ಟಿದರು. ರೈ ಪಟ್ಟಣವನ್ನು 1377ರಲ್ಲಿ ಫ್ರೆಂಚರು ಸುಟ್ಟರು. ನೆಪೋಲಿಯನ್ ಬಂದಾನೆಂದು 1805ರಿಂದ ಮೊದಲುಗೊಂಡು ನಾಲ್ಕೈದು ವರ್ಷಗಳಲ್ಲಿ ಕೆಂಟ್ ಮತ್ತು ಸಸೆಕ್ಸ್ ತೀರಗಳಲ್ಲಿ 74 ದುಂಡು ಗೋಪುರಗಳನ್ನೆಬ್ಬಿಸಿದರು. ಮಾರ್ಟೆಲ್ಲೊ ಗೋಪುರಗಳೆಂದು ಅವುಗಳ ಹೆಸರು. ಅವನು ಬರಲೇ ಇಲ್ಲ. ಉಳಿದ ಗೋಪುರಗಳಲ್ಲಿ ಕೆಲವು ಈಗ ವಾಸದ ಮನೆಗಳು. 1940ರಲ್ಲಿ ಹಿಟ್ಲರನಿಗೆ ಹೆದರಿ ಅದೇ ಪೆವೆನ್ಸಿಯ ಪಾಳುಗೋಡೆಗಳೊಳಗೆ ಗುರುತು ಸಿಗದಂತೆ ಬಂದೂಕಿನ ಗೂಡುಗಳನ್ನು ಅಡಗಿಸಿದರು. ಹದಿನಾರು ನೂರು ವರ್ಷ ಜನ ನಿದ್ದೆಗೆಟ್ಟ ಜಾಗದಲ್ಲಿ ಈಗ ನಾವು ಐಸ್‌ಕ್ರೀಂ ಹಿಡಿದು ಅಡ್ಡಾಡುತ್ತಿದ್ದೆವು.

ಪೆವೆನ್ಸಿಯಲ್ಲೇ ನಮಗೆ ಮೊದಲ ಪೆಟ್ಟು ಬಿದ್ದದ್ದು. ರೋಮನ್ ಗೋಡೆಯೊಳಗಿನ ವಿಶಾಲವಾದ ಹುಲ್ಲುಬಯಲಿನಲ್ಲಿ ಜಮಖಾನ ಹಾಸಿ, ನಮ್ಮ ಮನೆಯವರು ಬೆಳಿಗ್ಗೆ ಕಲಸಿದ್ದ ಪುಳಿಯೋಗರೆ, ಮೊಸರನ್ನ ಬಿಚ್ಚಿದೆವು. ಅಷ್ಟು ರುಚಿಯಾದ ಊಟ ತಂದೆಯವರು ಹೋದ ಮೇಲೆ ನಾವು ಉಂಡಿರಲಿಲ್ಲ. ಎರಡು ಸಲ ಹಾಕಿಸಿಕೊಂಡೆವು. ಸಂಜೆ ಮನೆಗೆ ಬಂದು ಬಾಮೈದನ ಕಪಾಟಿನಲ್ಲಿದ್ದ ಸ್ಥಳಪುರಾಣದ ಪುಸ್ತಕ ತಿರುವಿದಾಗ ತಿಳಿದದ್ದು: ರೋಮನ್ನರು ಬಿಟ್ಟುಹೋದ ಆ ಕೋಟೆಯೊಳಗೆ ಆಶ್ರಯ ಪಡೆದಿದ್ದ ಸ್ಥಳೀಯ ಜನರನ್ನು 491ರಲ್ಲಿ ಸ್ಯಾಕ್ಸನ್ ನಾಯಕರು ಮುತ್ತಿ, ಒಬ್ಬರನ್ನೂ ಬಿಡದೆ ಕೊಂದರೆಂದು ಆ ದೇಶದ ಹಳೆಯ ವೃತ್ತಾಂತದಲ್ಲಿ ಬರೆದಿದೆ. ನಾವು ಓದಿ ಹೇಳಿದೆವು. ನಮ್ಮ ಮನೆಯವರು ತೊಳೆಯುತ್ತಿದ್ದ ಡಬ್ಬಿಯನ್ನು ಹಾಗೇ ಕೆಳಗಿಟ್ಟು, "ಮೊದಲೇ ಗೊತ್ತಿದ್ದರೆ ಅನ್ನ ಗಂಟಲಲ್ಲಿ ಇಳೀತಿತ್ತೇನ್ರೀ?" ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ.

ಮರುದಿನ ಬಾಮೈದ, "ಭಾವ, ಇವತ್ತು ಬ್ಯಾಟಲ್‌ಗೆ ಹೋಗೋಣ" ಎಂದ. ಊರಿನ ಹೆಸರೇ ಅದು. ಕದನ ನಡೆದ ಜಾಗದಲ್ಲಿ ಬೆಳೆದ ಊರಿಗೆ ಕದನವೆಂದೇ ಹೆಸರಿಟ್ಟು ಸುಮ್ಮನಾಗಿದ್ದಾರೆ. ಹೇಸ್ಟಿಂಗ್ಸಿನಿಂದ ಸುಮಾರು ಹತ್ತು ಕಿಲೋಮೀಟರ್ ಒಳನಾಡಿಗೆ. ಎತ್ತರದ ಕಲ್ಲಿನ ಹೆಬ್ಬಾಗಿಲು ದಾಟಿದರೆ ಪಾಳುಬಿದ್ದ ಮಠ. ಅದರ ಹಿಂದೆ ಹಸಿರು ಇಳಿಜಾರು, ಕೆಳಗೆ ಕೊಳಗಳು, ಓಕ್ ಮರಗಳು, ಮೇಯುವ ಕುರಿಗಳು. ಬುತ್ತಿ ತಂದವರು ಅಲ್ಲಲ್ಲಿ ಕುಳಿತಿದ್ದಾರೆ. ಇಷ್ಟು ಶಾಂತವಾದ ಜಾಗವನ್ನು ನಾವು ಕಂಡದ್ದು ಕಡಿಮೆ.

1066ರ ಅಕ್ಟೋಬರ್ 14, ಶನಿವಾರ. ಮಕ್ಕಳಿಲ್ಲದೆ ಸತ್ತ ಹಿಂದಿನ ದೊರೆಯ ಸಿಂಹಾಸನಕ್ಕೆ ಇಬ್ಬರು ಹಕ್ಕುದಾರರು ಅಲ್ಲಿ ಎದುರಾದರು. ಗುಡ್ಡದ ಮೇಲೆ ಇಂಗ್ಲೆಂಡಿನ ದೊರೆ ಹೆರಾಲ್ಡ್, ಕೆಳಗೆ ಸಮುದ್ರ ದಾಟಿ ಬಂದ ನಾರ್ಮಂಡಿಯ ವಿಲಿಯಂ. ಒಂದೊಂದು ಕಡೆಗೂ ಐದರಿಂದ ಏಳು ಸಾವಿರ ಜನ ಇದ್ದಿರಬೇಕೆಂದು ಇತಿಹಾಸಕಾರರ ಅಂದಾಜು. ಬೆಳಿಗ್ಗೆ ಒಂಬತ್ತಕ್ಕೆ ಮೊದಲಾದ ಕದನ ಸಂಜೆಗತ್ತಲವರೆಗೆ ನಡೆಯಿತು. ಕೊನೆಗೆ ಹೆರಾಲ್ಡ್ ಬಿದ್ದ. ಕಣ್ಣಿಗೆ ಬಾಣ ನಾಟಿತೆಂದು ಪ್ರತೀತಿ. ಅವನ ಇಬ್ಬರು ತಮ್ಮಂದಿರೂ ಅದೇ ದಿನ ಬಿದ್ದರು. ಅದಕ್ಕೆ 19 ದಿನ ಮೊದಲು ಉತ್ತರದಲ್ಲಿ ನಡೆದ ಇನ್ನೊಂದು ಕದನದಲ್ಲಿ, ಹೆರಾಲ್ಡನಿಗೆ ವೈರಿಯಾಗಿ ನಿಂತ ಮತ್ತೊಬ್ಬ ತಮ್ಮ ಸತ್ತಿದ್ದ. ಹೀಗೆ ಮೂರು ವಾರದೊಳಗೆ ನಾಲ್ಕು ಮಕ್ಕಳನ್ನು ಕಳೆದುಕೊಂಡ ಅವರ ತಾಯಿ ಗಿಥಾ, ಹೆರಾಲ್ಡನ ಹೆಣದ ತೂಕದಷ್ಟು ಚಿನ್ನ ಕೊಡುತ್ತೇನೆ, ಮಗನನ್ನು ಮಣ್ಣು ಮಾಡಲು ಕೊಡಿ ಎಂದು ಬೇಡಿದಳೆಂದೂ, ವಿಲಿಯಂ ಕೊಡಲಿಲ್ಲವೆಂದೂ ವಿಲಿಯಂನ ಕಡೆಯ ಬರಹಗಾರನೇ ದಾಖಲಿಸಿದ್ದಾನೆ.

ಇಷ್ಟನ್ನು ನಾವು ಮನಸ್ಸಿನಲ್ಲಿ ತುಂಬಿಕೊಂಡು ಇಳಿಜಾರಿನಲ್ಲಿ ನಿಂತಿರುವಾಗ, ನಮ್ಮ ಹತ್ತು ವರ್ಷದ ಮಗ ಅಲ್ಲಿನ ಅಂಗಡಿಯಲ್ಲಿ ಕೊಂಡ ಮರದ ಕತ್ತಿ ಬೀಸುತ್ತ ಓಡಿ ಬಂದ. ಹಿಂದೆ ಬಾಮೈದನ ಎಂಟು ವರ್ಷದ ಮಗಳು. "ನೀನು ಸತ್ತೆ! ಬೀಳು!" ಎಂದು ಅವಳು ಕೂಗಿದಳು. ಅವನು ಎದೆ ಹಿಡಿದುಕೊಂಡು ಹುಲ್ಲಿನ ಮೇಲೆ ಉರುಳಿ ಉರುಳಿ ಸತ್ತ. ಎದ್ದು, ಮತ್ತೆ ಸತ್ತ. ನಮಗೆ ಎಲ್ಲಿತ್ತೋ ಕೋಪ. "ಏಳೋ! ಇದು ಆಟದ ಜಾಗವೇನೋ? ಇಲ್ಲಿ ಸಾವಿರಾರು ಜನ ಸತ್ತಿದ್ದಾರೆ" ಎಂದು ಗದರಿದೆವು. ಹುಡುಗನ ಮುಖ ಸಣ್ಣದಾಯಿತು. ಆಗ ನಮ್ಮ ಮನೆಯವರು ತಗ್ಗಿದ ದನಿಯಲ್ಲಿ, "ಅವನನ್ನ ಯಾಕೆ ಬೈತೀರಿ? ನಿನ್ನೆ ಪೆವೆನ್ಸಿಯಲ್ಲಿ ಎರಡು ಸಲ ಪುಳಿಯೋಗರೆ ಹಾಕಿಸ್ಕೊಂಡವರು ಯಾರು?" ಎಂದರು.

ವಾಚಕರೇ, ಆ ಪ್ರಶ್ನೆಗೆ ಮರುಮಾತಿಲ್ಲ. ಆದರೆ ವಿಚಾರ ಮಾಡದೆ ಬಿಡುವಂತೆಯೂ ಇಲ್ಲ. ಸಾವಿನ ನೆಲದಲ್ಲಿ ವಿಹಾರ ಸಲ್ಲುತ್ತದೆಯೇ?

'ಕಾಲ ಕಳೆದಿದೆ, ಆದ್ದರಿಂದ ಸಲ್ಲುತ್ತದೆ' ಎನ್ನುವುದು ಮೊದಲು ತೋಚುವ ಸಮಾಧಾನ. ವಿಜ್ಞಾನದ ಪದವೀಧರರಾದ ನಮಗೆ ಇದು ಹಿಡಿಸಬೇಕು. ವಿಕಿರಣ ಸೂಸುವ ಧಾತುವಿಗೆ ಅರ್ಧಾಯುಷ್ಯ ಎಂಬುದೊಂದಿದೆ. ಇಷ್ಟು ವರ್ಷಕ್ಕೆ ಅರ್ಧ, ಇನ್ನಷ್ಟು ವರ್ಷಕ್ಕೆ ಕಾಲು, ಹೀಗೆ ಅದರ ತೀಕ್ಷ್ಣತೆ ಇಳಿಯುತ್ತ ಹೋಗುತ್ತದೆ. ದುಃಖವೂ ಹಾಗೆಯೇ ಇಳಿಯುವುದಾದರೆ 950 ವರ್ಷ ದಾಟಿದ ಮೇಲೆ ಉಳಿಯುವುದೆಷ್ಟು? ಆದರೆ ಪೆವೆನ್ಸಿಯ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ಅಲ್ಲಿನ ಸಾವು ಇನ್ನೂ ಹಳೆಯದು. ಮಧ್ಯಾಹ್ನ ರುಚಿಸಿದ ಊಟ ಸಂಜೆಗೆ ಮುಜುಗರವಾದದ್ದು ಕಾಲದಿಂದಲ್ಲ. ನಡುವೆ ಕಳೆದದ್ದು ಐದೇ ಗಂಟೆ. ಮಧ್ಯಾಹ್ನ ತಿಳಿಯದ್ದು ಸಂಜೆ ತಿಳಿಯಿತು, ಅಷ್ಟೆ. ಎಂದರೆ ಅಷ್ಟು ಶತಮಾನಗಳು ಆ ಸೂತಕವನ್ನು ಕಳೆದಿರಲಿಲ್ಲ; ನಮ್ಮ ಅಜ್ಞಾನ ಅದನ್ನು ಮುಚ್ಚಿಟ್ಟಿತ್ತು. ಕಾಲ ಕಳೆಯುವುದಕ್ಕೆ ಯಾರೂ ಹೊಣೆಯಲ್ಲ. ತಿಳಿಯದೆ ಉಳಿಯುವುದಕ್ಕೆ ಸ್ವಲ್ಪವಾದರೂ ನಾವು ಹೊಣೆ.

ಹಾಗಾದರೆ ಅಂಥ ಜಾಗವನ್ನು ಗಂಭೀರವಾಗಿಯೇ ಇಡಬೇಕು, ಅಲ್ಲಿ ನಗು, ಆಟ, ಊಟ ಕೂಡದು ಎನ್ನೋಣವೇ? ಇದನ್ನೂ ಅಲ್ಲಿ ಮಾಡಿ ನೋಡಿದ್ದಾರೆ. ವಿಲಿಯಂ ಗೆದ್ದ ಮೇಲೆ, ಸುಮಾರು 1070ರ ಹೊತ್ತಿಗೆ, ಪೋಪರ ಪ್ರತಿನಿಧಿ ನಾರ್ಮನ್ ಸೈನಿಕರಿಗೆ ಪ್ರಾಯಶ್ಚಿತ್ತದ ಪಟ್ಟಿಯೊಂದನ್ನು ವಿಧಿಸಿದ. ನಮ್ಮ ಲೆಕ್ಕಪತ್ರ ವಿಭಾಗದ ಸುತ್ತೋಲೆಯನ್ನು ನೆನಪಿಸುವಂಥ ಪಟ್ಟಿ. ಮಹಾಕದನದಲ್ಲಿ ಕೊಂದ ಒಬ್ಬೊಬ್ಬನಿಗೆ ಒಂದೊಂದು ವರ್ಷದ ಪ್ರಾಯಶ್ಚಿತ್ತ. ಗಾಯಗೊಳಿಸಿ, ಅವನು ಸತ್ತನೋ ಇಲ್ಲವೋ ತಿಳಿಯದಿದ್ದರೆ ತಲೆಗೆ 40 ದಿನ. ಎಷ್ಟು ಜನರನ್ನು ಕೊಂದೆನೆಂದು ಲೆಕ್ಕವೇ ತಿಳಿಯದವನು ಬದುಕಿರುವವರೆಗೆ ವಾರಕ್ಕೊಂದು ದಿನ ಪ್ರಾಯಶ್ಚಿತ್ತ ಮಾಡಬೇಕು. ಇಲ್ಲವೇ ಒಂದು ಚರ್ಚು ಕಟ್ಟಿಸಬೇಕು. ಒಂದು ಜೀವಕ್ಕೆ ಒಂದು ವರ್ಷ ಎಂಬುದನ್ನು ಓದಿದಾಗ, ವರ್ಷಾಂತಿಕದ ಎಣಿಕೆಯಲ್ಲಿದ್ದ ನಮಗೆ ಮೈ ಜುಮ್ಮೆಂದಿತು. ಆ ಪಟ್ಟಿಯಲ್ಲಿ ನಮಗೆ ಮೆಚ್ಚಿಗೆಯಾದದ್ದು ಇನ್ನೊಂದು: 'ನನಗೆ ಲೆಕ್ಕ ಗೊತ್ತಿಲ್ಲ' ಎನ್ನುವವನಿಗೆ ಅದರಲ್ಲಿ ವಿನಾಯಿತಿ ಇಲ್ಲ. ಅವನ ಶಿಕ್ಷೆಯೇ ಉಳಿದವರದಕ್ಕಿಂತ ಉದ್ದ.

ವಿಲಿಯಂ ಕಟ್ಟಿಸಿದ್ದೇ ಈ ಬ್ಯಾಟಲ್ ಮಠ. ಹೆರಾಲ್ಡ್ ಬಿದ್ದ ಜಾಗದಲ್ಲೇ ಚರ್ಚಿನ ಮುಖ್ಯ ವೇದಿಕೆ ಇರತಕ್ಕದ್ದು ಎಂದು ಅವನ ಅಪ್ಪಣೆಯಾಗಿತ್ತಂತೆ. ಅವನು ಸತ್ತ ಮೇಲೆ, ಮಗನ ಕಾಲದಲ್ಲಿ, 1094ರಲ್ಲಿ ಅದರ ಪ್ರತಿಷ್ಠೆಯಾಯಿತು. ಅಲ್ಲಿಂದ 444 ವರ್ಷ ಸನ್ಯಾಸಿಗಳು ಅಲ್ಲಿ ಪ್ರಾರ್ಥಿಸಿದರು. ಅಷ್ಟು ಗಾಂಭೀರ್ಯ ಬೇರೆಲ್ಲಿ ಸಿಕ್ಕೀತು? ಆದರೆ ಕೊಂದವನು ಕಟ್ಟಿದ ಗುಡಿ, ಕೊಂದವನ ಹಣದ ಪ್ರಾರ್ಥನೆ. ಮಗನ ಹೆಣ ಕೇಳಿದ ತಾಯಿಗೆ 'ಇಲ್ಲ' ಎಂದವನು ಆ ಮಗ ಬಿದ್ದಲ್ಲಿ ದೀಪ ಹಚ್ಚಿಸಿದ. ಪ್ರಾಯಶ್ಚಿತ್ತವೂ ಅದೇ, ವಿಜಯಸ್ತಂಭವೂ ಅದೇ. ಗಂಭೀರ ಮುಖದ ಹಿಂದೆ ಗೆದ್ದವನ ಹೆಮ್ಮೆ ಅಡಗಿರಬಹುದಾದರೆ, ಗಾಂಭೀರ್ಯವೊಂದರಿಂದಲೇ ಸತ್ತವರಿಗೆ ನ್ಯಾಯ ಸಿಕ್ಕಿತೆನ್ನಲು ಬರುವುದಿಲ್ಲ.

ಆ ಗಾಂಭೀರ್ಯವಾದರೂ ಉಳಿಯಿತೇ? 1538ರಲ್ಲಿ ಎಂಟನೆಯ ಹೆನ್ರಿ ಮಠವನ್ನು ಮುಚ್ಚಿಸಿ ತನ್ನ ಆಸ್ಥಾನಿಕನೊಬ್ಬನಿಗೆ ಕೊಟ್ಟ. ಅವನು ಚರ್ಚನ್ನು ಕೆಡವಿಸಿ, ಮಠಾಧೀಶರ ಮನೆಯನ್ನು ತನ್ನ ಬಂಗಲೆ ಮಾಡಿಕೊಂಡ. ಮುಂದೆ ಆ ಕಟ್ಟಡದ ಒಂದು ಭಾಗದಲ್ಲಿ ಶಾಲೆಯೂ ನಡೆಯಿತು. 1976ರಲ್ಲಿ, ಅಮೆರಿಕದ ದಾನಿಗಳ ನೆರವಿನೊಡನೆ, ಈ ಜಾಗವನ್ನು ರಾಷ್ಟ್ರಕ್ಕೆಂದು ಕೊಂಡರು. ಇಂದು ಆ ಕಲ್ಲುಗಳಿಗೆ ಗಾರೆ ಮೆತ್ತುವ ಖರ್ಚಿನಲ್ಲಿ ಬುತ್ತಿ ಹೊತ್ತು ಬರುವ ಕುಟುಂಬಗಳ ಟಿಕೆಟ್ ಹಣವೂ ಸೇರಿದೆ. ಮರದ ಕತ್ತಿ ಮಾರಿದ ಹಣವೂ ಸೇರಿದೆ. ವಿಹಾರಕ್ಕೆ ಬರುವವರನ್ನು ಹೊರಗಟ್ಟಿದರೆ ನೆನಪಿಗೇ ಮಾಡು ಇಲ್ಲದಂತಾದೀತು.

ಇನ್ನೂ ಒಂದು ತೊಡಕಿದೆ. ಕದನ ನಡೆದದ್ದು ಈ ಇಳಿಜಾರಿನಲ್ಲಲ್ಲ, ಆಚೆಯ ಬೇರೆ ಜಾಗದಲ್ಲಿ ಎಂದು ವಾದಿಸುವ ಸಂಶೋಧಕರೂ ಇದ್ದಾರೆ. ಹೆಚ್ಚಿನವರು ಈ ಜಾಗವನ್ನೇ ಒಪ್ಪುತ್ತಾರೆ, ನಿಜ. ಆದರೂ ಆ ಕದನದ್ದೇ ಎಂದು ಖಚಿತವಾಗಿ ಹೇಳಬಹುದಾದ ಒಂದು ಮೂಳೆಯೂ ಆ ಬಯಲಿನಲ್ಲಿ ಸಿಕ್ಕಿಲ್ಲ. ಸಾವಿರಾರು ಜನರು ಕುರುಹಿಲ್ಲದೆ ಮಣ್ಣಾಗಿದ್ದಾರೆ. ನೆಲಕ್ಕೇ ಮರ್ಯಾದೆ ಸಲ್ಲಬೇಕೆನ್ನುವುದಾದರೆ, ಜಾಗ ತಪ್ಪಿದ್ದರೆ ನಮ್ಮ ಮರ್ಯಾದೆ ಯಾರಿಗೆ ಹೋಯಿತು? ಆಚೆಯ ಗುಡ್ಡದಲ್ಲಿ ತಿಳಿಯದೆ ಕುಳಿತು ಉಣ್ಣುವವರು ಪಾಪಿಗಳಾದರೇ? ಇಲ್ಲ ಎಂದು ನಮ್ಮ ಬುದ್ಧಿ ಹೇಳುತ್ತದೆ. ಮರ್ಯಾದೆ ಇರಬೇಕಾದದ್ದು ಮಣ್ಣಿನಲ್ಲಲ್ಲ, ಬಂದವನಲ್ಲಿ. ಮಣ್ಣು ಬರೀ ಒಂದು ನೆಪ.

ಹಾಗಾದರೆ ತಿಳಿದರೆ ಸಾಕೇ? ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಮಗನನ್ನು ಗದರಿದ ಅರ್ಧ ಗಂಟೆಯೊಳಗೆ ನಾವು ಹೆರಾಲ್ಡ್ ಬಿದ್ದನೆನ್ನುವ ಜಾಗದಲ್ಲಿ ಹಾಸಿದ ಕಲ್ಲಿನ ಬಳಿಗೆ ಬಂದೆವು. ಅದರ ಮೇಲಿನ ಬರಹ ಓದಿದೆವು, ಮಕ್ಕಳಿಗೂ ವಿವರಿಸಿದೆವು. ಆಮೇಲೆ ಅವರನ್ನು ಕಲ್ಲಿನ ಹಿಂದೆ ಸಾಲಾಗಿ ನಿಲ್ಲಿಸಿ, ಫೋನು ಎತ್ತಿ, "ಎಲ್ಲರೂ ಸ್ವಲ್ಪ ನಗ್ರಿ" ಎಂದೆವು. ಹುಡುಗ ನಮ್ಮನ್ನೇ ನೋಡಿದ. ಅವನು ನಗಲಿಲ್ಲ. ಆ ಚಿತ್ರ ನಮ್ಮ ಬಳಿ ಈಗಲೂ ಇದೆ. ಎಲ್ಲ ತಿಳಿದವರು ನಾವು. ಆ ಗಳಿಗೆಯಲ್ಲಿ ಸತ್ತವನನ್ನು ಕುರಿತು ಯೋಚಿಸುತ್ತಿದ್ದವನು ಅವನೊಬ್ಬನೇ ಇರಬೇಕು. ತಿಳಿಯುವುದೂ ಒಂದು ಕಾಲಕ್ಷೇಪವಾಗಿಬಿಡಬಹುದು. ಫಲಕ ಓದಿ, ತೇದಿ ಗುರುತಿಟ್ಟುಕೊಂಡು, ಮುಂದಿನ ಜಾಗಕ್ಕೆ ಹೊರಡುವುದು ಲೆಕ್ಕ ತುಂಬುವ ಕೆಲಸ. ಗುಮಾಸ್ತರಿಗೆ ಅದು ಬಲು ಸುಲಭ.

ಈ ಗಂಟನ್ನು ಬಿಡಿಸಿದ್ದು ಹೇಸ್ಟಿಂಗ್ಸಿನಲ್ಲೇ ನಮಗೆ ಸಿಕ್ಕ ಇನ್ನೊಂದು ಹೆಸರು. ಅಲ್ಲಿನ ಹಳೆಯ ಪೇಟೆಯ ಚರಿತ್ರೆಯಲ್ಲಿ, 1806ರಲ್ಲಿ ಅಲ್ಲಿನ ಸೈನ್ಯದ ತುಕಡಿಗೆ ಅಧಿಪತಿಯಾಗಿದ್ದವನು ಆರ್ಥರ್ ವೆಲ್ಲೆಸ್ಲಿ ಎಂದಿತ್ತು. ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎನ್ನಿಸಿಕೊಂಡವನು. ನಮ್ಮವರಿಗೆ ಅವನ ಪರಿಚಯ ಅದಕ್ಕೂ ಹಳೆಯದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಹತನಾದ ಮೇಲೆ ಆ ಪಟ್ಟಣದ ಅಧಿಕಾರ ವಹಿಸಿಕೊಂಡವನೂ, ಟಿಪ್ಪುವಿನ ಬೇಸಿಗೆಯ ಅರಮನೆ ದರಿಯಾ ದೌಲತ್ತಿನಲ್ಲಿ ಕೆಲಕಾಲ ವಾಸವಾಗಿದ್ದವನೂ ಅವನೇ. ಕಾವೇರಿಯ ದಡದಿಂದ ಈ ಕಡಲ ದಡಕ್ಕೆ ಬಂದು ಅವನು ಗಾಳಿ ಕುಡಿದ ಬೀದಿಯಲ್ಲಿ ನಾವೀಗ ನಿಂತಿದ್ದೆವು.

ಆ ಹೆಸರು ಕಂಡೊಡನೆ ನಮಗೆ ನೆನಪಾದದ್ದು ವೆಲ್ಲೆಸ್ಲಿಯಲ್ಲ, ತಂದೆಯವರು. ನಾವು ಐದನೆಯ ಇಯತ್ತೆಯಲ್ಲಿದ್ದಾಗ ಅವರು ಶಾಲೆಯ ಮಕ್ಕಳ ಜೊತೆಗೆ ನಮ್ಮನ್ನೂ ಶ್ರೀರಂಗಪಟ್ಟಣದ ಪ್ರವಾಸಕ್ಕೆ ಕರೆದೊಯ್ದಿದ್ದರು. ಟಿಪ್ಪುವಿನ ದೇಹ ಸಿಕ್ಕಿತೆನ್ನುವ ಜಾಗದಲ್ಲೊಂದು ಕಲ್ಲಿದೆ, ನೋಡಿದವರು ಬಲ್ಲರು. ಮಕ್ಕಳು ಗದ್ದಲ ಮಾಡುತ್ತಿದ್ದರು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂದು ದೊಡ್ಡ ಹುಡುಗರಿಬ್ಬರು ಆಗಲೇ ಜಗಳಕ್ಕೆ ನಿಂತಿದ್ದರು. ತಂದೆಯವರು ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಇಲ್ಲಿ ಒಬ್ಬ ಮನುಷ್ಯ ಸತ್ತ. ರಾಜ, ಗೀಜ ಎಲ್ಲ ಆಮೇಲೆ. ಒಂದು ನಿಮಿಷ ಸುಮ್ಮನೆ ನಿಲ್ರಿ" ಎಂದರು. ನಿಂತೆವು. ಆ ನಿಮಿಷ ಬಹಳ ಉದ್ದವಾಗಿತ್ತು. ಆಮೇಲೆ ಅವರು ಟೋಪಿ ಹಾಕಿಕೊಂಡು, ಬೀದಿಯಲ್ಲಿ ಸೀಬೆಹಣ್ಣು ಮಾರುತ್ತಿದ್ದವಳನ್ನು ಕರೆದು ಎಲ್ಲರಿಗೂ ಒಂದೊಂದು ಕೊಡಿಸಿದರು. ಸಂಗಮದಲ್ಲಿ ನೀರಿಗಿಳಿದು ನಾವು ಕತ್ತಲಾಗುವವರೆಗೆ ಕುಣಿದೆವು. ಬೇಡವೆನ್ನಲಿಲ್ಲ, ತಾವೂ ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು.

ಅಂದು ಅದು ಮೇಷ್ಟರ ಶಿಸ್ತೆಂದುಕೊಂಡಿದ್ದೆವು. ಈಗ ತೋರುವುದೇ ಬೇರೆ. ಅವರು ಶೋಕವನ್ನೂ ಸಂತೋಷವನ್ನೂ ಒಂದಕ್ಕೊಂದು ವಿರೋಧಿಗಳೆಂದು ಎಣಿಸಲಿಲ್ಲ. ಅವುಗಳ ನಡುವೆ ಒಂದು ಕ್ರಮ ಇಟ್ಟರು. ಮೊದಲು ನಿಲ್ಲುವುದು, ಆಮೇಲೆ ಉಣ್ಣುವುದು. ನಿಲ್ಲುವಾಗ ಗೆದ್ದವರು ಯಾರು, ಸೋತವರು ಯಾರು, ನಮ್ಮವರು ಯಾರು ಎಂಬ ಪ್ರಶ್ನೆಗಳನ್ನು ಒಂದು ನಿಮಿಷದ ಮಟ್ಟಿಗಾದರೂ ಹೊರಗಿಡುವುದು. ಆ ಒಂದು ನಿಮಿಷದಿಂದ ಸತ್ತವನಿಗೇನೂ ಸಿಗುವುದಿಲ್ಲ; ಅದು ನಮಗೂ ಗೊತ್ತು. ಆದರೆ ನಿಂತವನು ಆಮೇಲೆ ಉಣ್ಣುವ ಅನ್ನ, ನಿಲ್ಲದವನು ಉಣ್ಣುವ ಅನ್ನ ಒಂದೇ ಅಲ್ಲ ಎಂದು ನಮಗೆ ತೋರುತ್ತದೆ. ಮೊದಲನೆಯವನಿಗೆ ತನ್ನ ತುತ್ತಿನ ಬೆಲೆ ಗೊತ್ತಿರುತ್ತದೆ. ಜೀವಂತವಾಗಿರುವುದು ತನ್ನ ಹಕ್ಕೆಂದು ಅವನು ತಿಳಿಯುವುದಿಲ್ಲ.

ದಿಲ್ಲಿಯಲ್ಲಿರುವ ನಮಗೆ ಇದು ದೂರದ ಮಾತಲ್ಲ. ಬೇಸಿಗೆಯ ಸಂಜೆ ಇಂಡಿಯಾ ಗೇಟಿನ ಹುಲ್ಲಿಗೆ ಹೋಗಿ ಮಕ್ಕಳಿಗೆ ಐಸ್‌ಕ್ರೀಂ ಕೊಡಿಸದ ಕನ್ನಡ ಕುಟುಂಬ ಇದ್ದೀತೇ? ಆ ಕಲ್ಲಿನಲ್ಲಿ 13,000ಕ್ಕೂ ಹೆಚ್ಚು ಸೈನಿಕರ ಹೆಸರುಗಳನ್ನು ಕೆತ್ತಿದ್ದಾರೆ. ಇಪ್ಪತ್ತು ವರ್ಷದಲ್ಲಿ ನಾವು ಒಂದು ಹೆಸರನ್ನಾದರೂ ಪೂರ್ತಿಯಾಗಿ ಓದಿದ್ದೇವೆಯೇ ಎಂದು ಕೇಳಿಕೊಂಡರೆ ತಲೆ ತಗ್ಗಿಸಬೇಕಾಗುತ್ತದೆ. ಐಸ್‌ಕ್ರೀಮಿನದೇನೂ ತಪ್ಪಿಲ್ಲ.

ಹೊರಡುವ ಹಿಂದಿನ ದಿನ ಮತ್ತೊಮ್ಮೆ ಪೆವೆನ್ಸಿಗೆ ಹೋದೆವು. ನಮ್ಮ ಮನೆಯವರೇ ಹೇಳಿದ್ದು. ಈ ಸಲ ಚಿತ್ರಾನ್ನ. ಡಬ್ಬಿ ಬಿಚ್ಚುವ ಮೊದಲು ಎಲ್ಲರೂ ಗೋಡೆಯ ಬಳಿ ಸ್ವಲ್ಪ ಹೊತ್ತು ನಿಂತೆವು. ಯಾರೂ ಮಂತ್ರ ಹೇಳಲಿಲ್ಲ, ಭಾಷಣ ಮಾಡಲಿಲ್ಲ. ಬಾಮೈದನ ಮಗಳು ಒಂದು ಕಣ್ಣು ತೆರೆದು 'ಆಯಿತೇ' ಎಂದು ನೋಡುತ್ತಿದ್ದಳು. ಆಮೇಲೆ ಕುಳಿತು ಉಂಡೆವು. ನಮ್ಮ ಮಗ ಕತ್ತಿ ತಂದಿದ್ದ. ಆಡಲೇ ಎಂಬಂತೆ ನಮ್ಮ ಮುಖ ನೋಡಿದ. ಹೋಗಿ ಆಡು ಎಂದೆವು. ಅವನು ಆ ದಿನವೂ ಐದಾರು ಸಲ ಸತ್ತು ಎದ್ದ.

ದಿಲ್ಲಿಗೆ ಬಂದ ರಾತ್ರಿಯೇ ತಾಯಿಯವರಿಗೆ ಫೋನು ಮಾಡಿದೆವು. ಏನೇನು ನೋಡಿದಿರೆಂದು ಕೇಳಿದರು. ಗುಡ್ಡ ಏರುವ ಡಬ್ಬಿ, ಕರಿಯ ಗೂಡುಗಳು, ಸಮುದ್ರ ಎಲ್ಲ ಹೇಳಿ, ಅಪ್ಪ ಉರು ಹೊಡೆಸುತ್ತಿದ್ದ ಸಾವಿರದ ಅರವತ್ತಾರರ ಜಾಗವನ್ನೂ ನೋಡಿದೆವೆಂದೆವು. ಕಥೆಯನ್ನೂ ಹೇಳಿದೆವು. ಅವರು ರಾಜರ ಹೆಸರುಗಳನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಯಲ್ಲಿ, "ಆ ತಾಯಿಗೆ ಮಗನ ಹೆಣ ಕೊಡಲೇ ಇಲ್ಲವೇನೋ?" ಎಂದು ಕೇಳಿದರು. ಕೊಡಲಿಲ್ಲವಂತಮ್ಮಾ ಎಂದೆವು. "ಅಯ್ಯೋ ಪಾಪ" ಎಂದು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಫೋನು ಕಡಿದುಹೋಯಿತೇನೋ ಎಂದುಕೊಂಡೆವು. ಅಷ್ಟರಲ್ಲಿ ಆ ಕಡೆಯಿಂದ, "ಮಕ್ಕಳು ಸ್ವೆಟರ್ ಹಾಕ್ಕೊಂಡಿದ್ದವಾ? ಸಮುದ್ರದಲ್ಲಿ ಆಡಿದವಾ?" ಎಂದು ದನಿ ಬಂತು.

ಆಡಿದವು ಎಂದು ಹೇಳಿದೆವು.